ಹೋದ ಮೇಲ್ ವಾಪಸ್ ತರೋದು, ಥಂಡರ್‌ಬರ್ಡ್ ಫೋಲ್ಡರ್ ನೆಟ್ಟಗೆ ಇಟ್ಕಳ್ಳೋದು ಹೆಂಗೆ

ಮೇಲ್ ಕಾಣ್ತಿಲ್ಲ ಅಂದ ತಕ್ಷಣ ಮಾಡ್ಬೇಕಾದ್ದು ಒಂದೇ ಕೆಲಸ, ಥಂಡರ್‌ಬರ್ಡ್ (ಮೇಲ್ ಕಂಪ್ಯೂಟರ್‌ಗೆ ಇಳಿಸಿ ಓದೋ ಪ್ರೋಗ್ರಾಂ) ಮುಚ್ರಿ. ಗೆಟ್ ಮೆಸೇಜಸ್ ಒತ್ತಬೇಡ್ರಿ, ಅಕೌಂಟ್ ತೆಗೆದು ಮತ್ತೆ ಹಾಕೋಣ ಅನ್ನಬೇಡ್ರಿ, ಕಾಂಪ್ಯಾಕ್ಟ್ ಅನ್ನೋ ಬಟನ್ ಅಂತೂ ಮುಟ್ಟಲೇಬೇಡ್ರಿ. ಮುಚ್ಚಿ, ಫೈಲ್‌ಗಳದ್ದು ಒಂದು ಕಾಪಿ ತಗೊಂಡು ಬೇರೆ ಕಡೆ ಇಟ್ಟು, ಆಮೇಲೆ ಮುಂದಿನ ಮಾತು. ನಾನು ನೋಡಿದ ಬಹಳ ಕೇಸ್‌ಗಳಲ್ಲಿ ಮೇಲ್ ಮೊದಲು ಎಲ್ಲೂ ಹೋಗಿರಲಿಲ್ಲ, ಕಾಣ್ತಿರಲಿಲ್ಲ ಅಷ್ಟೇ, ಗಾಬರಿಲಿ ಅದು ಒತ್ತಿ ಇದು ಒತ್ತಿ ಆಮೇಲೆ ನಿಜವಾಗ್ಲೂ ಕಳ್ಕೊಂಡಿದ್ದು.

ನಾನು ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ದಲ್ಲಾಳಿ ಅಂಗಡಿ ಲೆಕ್ಕ ಬರೆಯೋನು. ಕಂಪ್ಯೂಟರ್ ಓದಿದೋನಲ್ಲ, ಆದ್ರೆ ಅಂಗಡಿ ಮೇಲ್ ಎಲ್ಲಾ ನನ್ನ ಕೈಯಲ್ಲೇ ಐತೆ, ಖರೀದಿದಾರರ ಆರ್ಡರ್, ಲಾರಿ ಬಿಲ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ನೋಟಿಸ್ ಎಲ್ಲಾ. ಇದು ಸಣ್ಣ ವಿಷಯ ಅಲ್ಲ ನೋಡ್ರಿ, ಜಿಎಸ್‌ಟಿ ಕಾಯ್ದೆ 169ನೇ ಸೆಕ್ಷನ್ ಪ್ರಕಾರ ನಾವು ರಿಜಿಸ್ಟ್ರೇಶನ್‌ಗೆ ಕೊಟ್ಟ ಮೇಲ್ ಐಡಿಗೆ ನೋಟಿಸ್ ಕಳಿಸಿದ್ರೂ ಅದು ಮುಟ್ಟಿಸಿದ ಹಾಗೇ ಲೆಕ್ಕ, ಮತ್ತೆ 36ನೇ ಸೆಕ್ಷನ್ ಪ್ರಕಾರ ಲೆಕ್ಕದ ದಾಖಲೆ ಆ ವರ್ಷದ ವಾರ್ಷಿಕ ರಿಟರ್ನ್ ಕೊಡೋ ಕೊನೆ ದಿನದಿಂದ 72 ತಿಂಗಳು ಇಟ್ಕಳ್ಳಬೇಕು. ಅಂದ್ರೆ ಹತ್ರಹತ್ರ ಏಳು ವರ್ಷದ ಹಳೆ ಕಾಗದ. ಮೇಲ್‌ನಲ್ಲಿ ಬಂದ ಬಿಲ್ ಮೇಲ್‌ನಲ್ಲೇ ಇದ್ರೆ ಆ ಮೇಲ್ ಡಬ್ಬಾನೇ ನಮ್ಮ ಬೀರು.

ನನ್ನದೇ ಕಥೆ ಹೇಳ್ತೀನಿ. ಮೆಕ್ಕೆಜೋಳದ ಸೀಸನ್, ಯಾರ್ಡ್ ತುಂಬಾ ಚೀಲ, ಆಫೀಸ್ ಒಳಗೂ ಕೀಬೋರ್ಡ್ ಮೇಲೂ ಹೊಟ್ಟಿನ ಧೂಳು. ಇನ್‌ಬಾಕ್ಸ್ ಬಹಳ ದೊಡ್ಡದಾಗೈತೆ, ಜಾಗ ಉಳಿಸ್ಲಾ ಅಂತ ಥಂಡರ್‌ಬರ್ಡ್ ಕೇಳ್ತು, ಓಕೆ ಅಂತ ಒತ್ತಿದೆ. ಅರ್ಧದಲ್ಲೇ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು, ಎರಡು ಸಲ ಕೀಂ ಅಂತು, ಕಂಪ್ಯೂಟರ್ ಆಫ್. ಕರೆಂಟ್ ಬಂದ ಮೇಲೆ ತೆಗೆದು ನೋಡಿದ್ರೆ ಇನ್‌ಬಾಕ್ಸ್ ಖಾಲಿ, ಒಂದು ಸಾಲೂ ಇಲ್ಲ, ಎಡಗಡೆ ಫೋಲ್ಡರ್ ಪಟ್ಟಿಲಿ ಎನ್‌ಎಸ್‌ಟಿಎಂಪಿ ಅಂತ ನಾನು ಮಾಡದೇ ಇರೋ ಒಂದು ಹೊಸ ಫೋಲ್ಡರ್ ಬಂದು ಕೂತೈತೆ. ಸಾಹುಕಾರ್ರು ಹಿಂದೆ ನಿಂತು ನೋಡ್ತಿದ್ರು. "ತಮ್ಮಾ, ಏನಾತೋ, ಒಂಬತ್ತು ವರ್ಷದ್ದು ಹೋತೇನೋ" ಅಂದ್ರು. ನನಗೆ ಬಾಯಲ್ಲಿ ನೀರಿಲ್ಲ.

ಹೋಗಿರಲಿಲ್ಲ. ಒಂದೂ ಹೋಗಿರಲಿಲ್ಲ. ಯಾಕೆ ಅಂತ ತಿಳ್ಕೊಂಡ್ರೆ ಮುಂದಿನ ಎಲ್ಲಾ ರಿಪೇರಿನೂ ತಾನಾಗೇ ಅರ್ಥ ಆಗುತ್ತೆ, ಅದಕ್ಕೆ ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಕಿರ್ದಿ ಬೇರೆ, ಖಾತಾವಣಿ ಬೇರೆ

ಮಂಡಿಲಿ ಲೆಕ್ಕ ಬರೆದೋರಿಗೆ ಗೊತ್ತು, ಕಿರ್ದಿ ಅಂದ್ರೆ ದಿನದ ವ್ಯವಹಾರ ಬಂದ ಹಾಗೇ ಒಂದರ ಕೆಳಗೆ ಒಂದು ಬರ್ಕೊಂಡು ಹೋಗೋ ಪುಸ್ತಕ. ಯಾವ ಪಾರ್ಟಿದು ಯಾವ ಪುಟದಲ್ಲಿ ಐತೆ ಅಂತ ಹುಡುಕೋಕೆ ಬೇರೆ ಪುಸ್ತಕ, ಅದು ಖಾತಾವಣಿ. ಥಂಡರ್‌ಬರ್ಡ್ ಕೂಡ ಹಂಗೇ ಮಾಡುತ್ತೆ. ಪ್ರತಿ ಫೋಲ್ಡರ್‌ಗೂ ಎರಡು ಫೈಲ್ ಇರ್ತವೆ. ಒಂದು ಬರೀ "ಇನ್‌ಬಾಕ್ಸ್" ಅಂತ, ಹಿಂದೆ ಚುಕ್ಕೆ-ಗಿಕ್ಕೆ ಏನೂ ಇರಲ್ಲ, ಇದು ಎಂಬಾಕ್ಸ್ ಅನ್ನೋ ಹಳೆ ಕಾಲದ ಫಾರ್ಮ್ಯಾಟ್, ಎಲ್ಲಾ ಮೇಲ್ ಒಂದರ ಬಾಲಕ್ಕೆ ಒಂದು ಅಂಟಿಸಿರೋ ಉದ್ದನೆ ಟೆಕ್ಸ್ಟ್ ಫೈಲ್. ಇದೇ ಕಿರ್ದಿ. ಇನ್ನೊಂದು ಅದೇ ಹೆಸರಿನ ಮುಂದೆ ಚುಕ್ಕೆ ಎಂಎಸ್‌ಎಫ್ ಅಂತ ಇರೋದು, ಸಣ್ಣದು, ಇದರಲ್ಲಿ ಮೇಲ್ ಇರಲ್ಲ, ಯಾವ ಮೇಲ್ ಎಲ್ಲಿ ಶುರುವಾಗುತ್ತೆ, ಓದಿದ್ದಾ ಓದಿಲ್ವಾ ಅನ್ನೋ ಪಟ್ಟಿ ಮಾತ್ರ. ನಾವು ಸ್ಕ್ರೀನ್ ಮೇಲೆ ನೋಡೋದು ಈ ಪಟ್ಟಿನ. ಪಟ್ಟಿ ಕೆಟ್ರೆ ಸ್ಕ್ರೀನ್ ಖಾಲಿ, ಆದ್ರೆ ಕಿರ್ದಿ ಹಂಗೇ ಇರುತ್ತೆ.

ಇನ್ನೊಂದು ವಿಷಯ. ನೀವು ಮೇಲ್ ಡಿಲೀಟ್ ಮಾಡಿದ್ರೆ ಕಿರ್ದಿಯಿಂದ ಅದು ಹೋಗಲ್ಲ. ನಾವು ತಪ್ಪು ಬರೆದ ಸಾಲಿಗೆ ಅಡ್ಡ ಗೆರೆ ಹೊಡಿತೀವಲ್ಲ, ಪುಟ ಹರಿಯಲ್ಲ, ಹಂಗೆ ಅದರ ತಲೆಗೆ ಒಂದು ಗುರುತು ಬೀಳುತ್ತೆ ಅಷ್ಟೇ. ಟ್ರಾಶ್‌ಗೆ ಹೋಗೋದು ಅದರ ಒಂದು ಪ್ರತಿ. ನೀವು ಟ್ರಾಶ್ ಖಾಲಿ ಮಾಡಿದ್ರೂ ಇನ್‌ಬಾಕ್ಸ್ ಫೈಲ್ ಒಳಗೆ ಗೆರೆ ಹೊಡೆದ ಮೂಲ ಪ್ರತಿ ಇನ್ನೂ ಇರುತ್ತೆ. ಎಲ್ಲಿ ತನಕ? ಕಾಂಪ್ಯಾಕ್ಟ್ ಮಾಡೋ ತನಕ. ಕಾಂಪ್ಯಾಕ್ಟ್ ಅಂದ್ರೆ ಗೆರೆ ಹೊಡೆಯದ ಸಾಲುಗಳನ್ನ ಮಾತ್ರ ಹೊಸ ಪುಸ್ತಕಕ್ಕೆ ನಕಲು ಮಾಡಿ ಹಳೆ ಪುಸ್ತಕ ಸುಟ್ಟು ಹಾಕೋದು. ಅದಕ್ಕೇ ಮೊದಲ ಸಾಲಲ್ಲೇ ಹೇಳಿದ್ದು ಮುಟ್ಟಬೇಡ್ರಿ ಅಂತ. ಮತ್ತೆ ಇದು ತಾನಾಗೇ ನಡೆಯೋ ವ್ಯವಸ್ಥೆನೂ ಐತೆ, ಸೆಟ್ಟಿಂಗ್ಸ್ ಒಳಗೆ ಜನರಲ್, ಅದರಲ್ಲಿ ಕೆಳಗೆ ನೆಟ್‌ವರ್ಕ್ ಅಂಡ್ ಡಿಸ್ಕ್ ಸ್ಪೇಸ್ ಅಂತ ಬರುತ್ತೆ, ಇಷ್ಟು ಎಂಬಿ ಉಳಿಯುತ್ತೆ ಅಂದ್ರೆ ಕಾಂಪ್ಯಾಕ್ಟ್ ಮಾಡು ಅಂತ ಟಿಕ್ ಇರುತ್ತೆ, ಹುಡುಕಾಟ ಮುಗಿಯೋ ತನಕ ಆ ಟಿಕ್ ತೆಗೀರಿ.

ಕರೆಂಟ್ ಹೋದ ದಿನ ನನಗೆ ಆಗಿದ್ದೂ ಇದೇ. ಹೊಸ ಪುಸ್ತಕ ಅರ್ಧ ಬರೆದಿತ್ತು, ಎನ್‌ಎಸ್‌ಟಿಎಂಪಿ ಅನ್ನೋದು ಆ ಅರ್ಧ ನಕಲು. ಹಳೆ ಪುಸ್ತಕ ಹಂಗೇ ಇತ್ತು.

ಫೈಲ್ ಎಲ್ಲಿರ್ತವೆ

ಜಾಗ ನೋಡೋಕೆ ಮಾತ್ರ ಥಂಡರ್‌ಬರ್ಡ್ ತೆರೆದು ಹೆಲ್ಪ್ ಮೆನು, ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್, ಅದರಲ್ಲಿ ಪ್ರೊಫೈಲ್ ಫೋಲ್ಡರ್ ಅನ್ನೋ ಸಾಲಲ್ಲಿ ಓಪನ್ ಫೋಲ್ಡರ್ ಒತ್ತಿದ್ರೆ ಸೀದಾ ಅಲ್ಲಿಗೇ ಹೋಗುತ್ತೆ. ವಿಂಡೋಸ್‌ನಲ್ಲಿ ಇದು ಆಪ್‌ಡೇಟಾ, ರೋಮಿಂಗ್, ಥಂಡರ್‌ಬರ್ಡ್, ಪ್ರೊಫೈಲ್ಸ್ ಒಳಗೆ ಇರುತ್ತೆ, ಆಪ್‌ಡೇಟಾ ಹಿಡನ್ ಫೋಲ್ಡರ್ ಆದ್ದರಿಂದ ಸುಮ್ನೆ ಹುಡುಕಿದ್ರೆ ಕಾಣಲ್ಲ. ಆ ಜಾಗ ನೋಡ್ಕೊಂಡು ಥಂಡರ್‌ಬರ್ಡ್ ಪೂರ್ತಿ ಮುಚ್ರಿ. ಒಳಗೆ ಎರಡು ಫೋಲ್ಡರ್ ಮುಖ್ಯ, "ಮೇಲ್" ಅನ್ನೋದು ಪಾಪ್ ಅಕೌಂಟ್‌ಗೆ (ಮೇಲ್ ಕಂಪ್ಯೂಟರ್‌ಗೆ ಇಳಿಸ್ಕೊಳ್ಳೋ ರೀತಿ) ಮತ್ತೆ ಈ ಕಂಪ್ಯೂಟರ್‌ನಲ್ಲಿ ಮಾತ್ರ ಇರೋ ಲೋಕಲ್ ಫೋಲ್ಡರ್ಸ್‌ಗೆ, "ಐಮ್ಯಾಪ್‌ಮೇಲ್" ಅನ್ನೋದು ಐಮ್ಯಾಪ್ ಅಕೌಂಟ್‌ಗೆ (ಮೇಲ್ ಸರ್ವರ್‌ನಲ್ಲೇ ಇಟ್ಟು ನೋಡೋ ರೀತಿ). ಎರಡನ್ನೂ ಒಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡ್ರಿ. ಪೆನ್‌ಡ್ರೈವ್ ಆದ್ರೆ ಒಂದು ತೊಂದರೆ ಐತೆ, ಅದರ ಫಾರ್ಮ್ಯಾಟ್ ಫ್ಯಾಟ್32 ಇದ್ರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯಲ್ಲ, ದೊಡ್ಡ ಇನ್‌ಬಾಕ್ಸ್ ಅದಕ್ಕೆ ಹೋಗಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರೋದು ಬೇಕು.

ಈಗ ಇನ್‌ಬಾಕ್ಸ್ ಫೈಲ್ ಸೈಜ್ ನೋಡ್ರಿ. ಇದೇ ನಾಡಿ. ಸ್ಕ್ರೀನ್ ಮೇಲೆ ಮೇಲ್ ಇಲ್ಲ, ಆದ್ರೆ ಫೈಲ್ ಸೈಜ್ ನೂರಾರು ಎಂಬಿನೋ ಜಿಬಿನೋ ಐತೆ ಅಂದ್ರೆ ಉಸಿರು ಬಿಡ್ರಿ, ನಿಮ್ಮ ಮೇಲ್ ಅಲ್ಲೇ ಅದಾವೆ. ಸೈಜ್ ಸೊನ್ನೆ, ಇಲ್ಲ ಫೈಲೇ ಇಲ್ಲ ಅಂದ್ರೆ ಅದಕ್ಕೆ ಬೇರೆ ದಾರಿ, ಕೆಳಗೆ ಬರ್ತೀನಿ.

ಆದ್ರೆ ನಿಜವಾಗ್ಲೂ ಹೋಗೈತಾ?

ರಿಪೇರಿಗೆ ಮುಂಚೆ ಕೆಲವು ನೋಡ್ಕೊಳ್ರಿ. ಕ್ವಿಕ್ ಫಿಲ್ಟರ್ ಆನ್ ಆಗಿ ಅದರಲ್ಲಿ "ಅನ್‌ರೆಡ್" ಒತ್ತಿದ್ರೆ ಓದಿದ ಮೇಲ್ ಎಲ್ಲಾ ಮಾಯ. 2023ರಲ್ಲಿ 115ನೇ ಆವೃತ್ತಿ ಬಂದಾಗ ಥಂಡರ್‌ಬರ್ಡ್ ಮುಖಾನೇ ಬದಲಾಯ್ತು, ಆಗ ಬಟನ್ ಜಾಗ ಬದಲಾಗಿ ಗೊತ್ತಿಲ್ಲದೆ ಫಿಲ್ಟರ್ ಒತ್ತಿ ಕೂತೋರು ನಮ್ಮ ಯಾರ್ಡ್‌ನಲ್ಲೇ ಇದ್ರು. ವ್ಯೂ ಮೆನುಲಿ ಮೆಸೇಜಸ್, ಆಲ್ ಅಂತ ಮಾಡ್ರಿ. ಡೇಟ್ ಕಾಲಂ ಮೇಲೆ ಒಂದ್ಸಲ ಒತ್ತಿ ನೋಡ್ರಿ, ಜೋಡಣೆ ತಿರುಗಿ ಹೊಸ ಮೇಲ್ ತಳಕ್ಕೆ ಹೋಗಿರುತ್ತೆ. ಜಂಕ್ ನೋಡ್ರಿ.

ಆಮೇಲೆ ಫೋಲ್ಡರ್ ಒಳಗೆ ಫೋಲ್ಡರ್ ಬಿದ್ದಿರೋದು. ನಿಟ್ಟುವಳ್ಳಿಲಿ ನಮ್ಮ ಮೇಷ್ಟ್ರೊಬ್ರು ಅದಾರೆ, ರಿಟೈರ್ ಆಗಿ ಬಹಳ ವರ್ಷ ಆಯ್ತು. ಒಂದಿನ ಸಂಜೆ ಫೋನ್ ಮಾಡಿ "ನೋಡಪ್ಪಾ, ಮಗಳು ಬರೆದ ಕಾಗದ ಎಲ್ಲಾ ಒಂದೇ ಕಡೆ ಇಟ್ಟಿದ್ದೆ, ಆ ಡಬ್ಬಾನೇ ಇಲ್ಲ ಈಗ" ಅಂದ್ರು. ಮೇಲ್ ಅನ್ನಲ್ಲ ಅವರು, ಕಾಗದ ಅಂತಾರೆ. ಹೋದೆ. "ಮೇಷ್ಟ್ರೇ, ನೀವೇನೂ ಒತ್ತಿಲ್ಲ ತಾನೇ" ಅಂದ್ರೆ, "ನೀನು ಬರೋ ತನಕ ಮುಟ್ಟಬೇಡ ಅಂದಿದ್ಯಲ್ಲ, ಕೈ ಕಟ್ಕೊಂಡು ಕೂತೀನಿ" ಅಂದ್ರು. ಎಡಗಡೆ ಪಟ್ಟಿಲಿ ಪ್ರತಿ ಫೋಲ್ಡರ್ ಪಕ್ಕದ ಸಣ್ಣ ಬಾಣ ಒಂದೊಂದೇ ಬಿಚ್ಚಿದೆ. ಡ್ರಾಫ್ಟ್ಸ್, ಇಲ್ಲ. ಸೆಂಟ್, ಇಲ್ಲ. ಜಂಕ್ ಪಕ್ಕದ ಬಾಣ ಒತ್ತಿದ್ರೆ ಅದರ ಹೊಟ್ಟೆ ಒಳಗೆ ಮಗಳ ಹೆಸರಿನ ಫೋಲ್ಡರ್. ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಮೇಲೆ ಬೆರಳು ಜಾರಿ ಎಳೆದುಕೊಂಡು ಹೋಗಿ ಬಿಟ್ಟಿತ್ತು. ಹಿಡಿದು ಎಳೆದು ವಾಪಸ್ ಲೋಕಲ್ ಫೋಲ್ಡರ್ಸ್ ಮೇಲೆ ಬಿಟ್ಟೆ, ಮುಗೀತು. ಮೇಷ್ಟ್ರು ಕನ್ನಡಕ ತೆಗೆದು ಒರೆಸ್ಕೊಂಡು ಮೊದಲನೇ ಮೇಲ್ ತೆಗೆದು ಓದೋಕೆ ಕೂತ್ರು, ನನಗೆ ಚಾ ಕೊಡೋದೂ ನೆನಪಾಗ್ಲಿಲ್ಲ, ನಾನೂ ಕೇಳ್ಲಿಲ್ಲ.

ಪಟ್ಟಿ ಬಹಳ ಉದ್ದ ಇದ್ರೆ ಡಿಸ್ಕ್ ಮೇಲೆ ಹುಡುಕೋದು ಸುಲಭ. ಒಳ ಫೋಲ್ಡರ್‌ಗಳು ತಾಯಿ ಫೋಲ್ಡರ್ ಹೆಸರಿನ ಮುಂದೆ ಚುಕ್ಕೆ ಎಸ್‌ಬಿಡಿ ಅಂತ ಇರೋ ಫೋಲ್ಡರ್ ಒಳಗೆ ಇರ್ತವೆ. ವಿಂಡೋಸ್ ಹುಡುಕಾಟದಲ್ಲಿ ಕಳೆದ ಫೋಲ್ಡರ್ ಹೆಸರು ಟೈಪ್ ಮಾಡಿದ್ರೆ ಯಾರ ಎಸ್‌ಬಿಡಿ ಒಳಗೆ ಐತೆ ಅಂತ ಸಿಕ್ಕಿಬಿಡುತ್ತೆ.

ಪಟ್ಟಿ ಕೆಟ್ಟಿದ್ರೆ

ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರಿಪೇರ್ ಫೋಲ್ಡರ್. ಇದು ಕಿರ್ದಿ ಮೊದಲಿಂದ ಓದಿ ಪಟ್ಟಿ ಹೊಸದಾಗಿ ಬರೆಯುತ್ತೆ. ಅದಕ್ಕೂ ಸರಿ ಆಗ್ಲಿಲ್ಲ ಅಂದ್ರೆ ಥಂಡರ್‌ಬರ್ಡ್ ಮುಚ್ಚಿ ಇನ್‌ಬಾಕ್ಸ್‌ನ ಎಂಎಸ್‌ಎಫ್ ಫೈಲ್ ಒಂದನ್ನೇ ತೆಗೆದು ಬೇರೆ ಕಡೆ ಇಡ್ರಿ. ಹುಷಾರು, ಚುಕ್ಕೆ ಎಂಎಸ್‌ಎಫ್ ಇರೋದು ಮಾತ್ರ, ಬರೀ ಇನ್‌ಬಾಕ್ಸ್ ಅನ್ನೋದಲ್ಲ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಶನ್ ಮುಚ್ಚಿಟ್ಟಿದ್ರೆ ಎರಡೂ ಒಂದೇ ಹೆಸರಲ್ಲಿ ಕಾಣಬಹುದು, ಮೊದಲು ಎಕ್ಸ್‌ಪ್ಲೋರರ್‌ನ ವ್ಯೂ ಮೆನುಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡ್ರಿ. ಮತ್ತೆ ಥಂಡರ್‌ಬರ್ಡ್ ತೆಗೆದು ಇನ್‌ಬಾಕ್ಸ್ ಒತ್ತಿ ಸುಮ್ನೆ ಕೂತ್ಕೊಳ್ರಿ, ದೊಡ್ಡ ಫೈಲ್ ಆದ್ರೆ ಹೊತ್ತು ಹಿಡಿಯುತ್ತೆ, ನಡುವೆ ಮುಚ್ಚಬಾರದು. ಅವತ್ತು ಅಂಗಡಿಲಿ ನಾನು ಮಾಡಿದ್ದು ಇದನ್ನೇ, ಸಾಲು ಸಾಲಾಗಿ ಹಳೆ ತಾರೀಖು ಮೇಲಕ್ಕೆ ಬರ್ತಾ ಹೋದ್ವು, ಸಾಹುಕಾರ್ರು ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತು ಪಾರ್ಟಿ ಹೆಸರು ಒಂದೊಂದೇ ಓದ್ತಿದ್ರು.

ಆ ಎನ್‌ಎಸ್‌ಟಿಎಂಪಿ ಅರ್ಧ ನಕಲನ್ನ ಎಲ್ಲಾ ಸರಿ ಇದೆ ಅಂತ ಖಾತ್ರಿ ಆದ ಮೇಲೇ ಅಳಿಸ್ರಿ.

ಡಿಲೀಟ್ ಆದ ಮೇಲ್ ಎಬ್ಬಿಸೋದು

ಇದೇ ನನಗೆ ಬಹಳ ಇಷ್ಟದ ಭಾಗ, ಯಾಕಂದ್ರೆ ಯಾವ ದುಡ್ಡಿನ ಸಾಫ್ಟ್‌ವೇರೂ ಬೇಡ. ಕಾಂಪ್ಯಾಕ್ಟ್ ಆಗಿರಬಾರದು ಅನ್ನೋದೊಂದೇ ಷರತ್ತು.

ನೀವು ಮಾಡಿಟ್ಟ ಕಾಪಿಯಿಂದ ಇನ್‌ಬಾಕ್ಸ್ ಫೈಲ್‌ನ (ಎಂಎಸ್‌ಎಫ್ ಬೇಡ) ಇನ್ನೊಂದು ನಕಲು ಮಾಡಿ ಅದಕ್ಕೆ ಹೊಸ ಹೆಸರಿಡ್ರಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ಹಿಂದೆ ಚುಕ್ಕೆ ಟಿಎಕ್ಸ್‌ಟಿ ಬರದ ಹಾಗೆ. ಇದನ್ನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನೋ ಪುಕ್ಕಟೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೀರಿ. ವರ್ಡ್‌ನಲ್ಲಿ ಬೇಡ. ಎನ್‌ಕೋಡಿಂಗ್ ಮೆನು ಮುಟ್ಟಬೇಡ್ರಿ. ಒಂದೊಂದು ಮೇಲೂ "ಫ್ರಮ್", ಒಂದು ಸ್ಪೇಸ್, ಒಂದು ಅಡ್ಡಗೆರೆ, ಆಮೇಲೆ ತಾರೀಖು, ಹಿಂಗೆ ಶುರುವಾಗುತ್ತೆ. ಅದರ ಕೆಳಗಿನ ಕೆಲವು ಸಾಲಲ್ಲಿ ನೋಡ್ರಿ, ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಅಂತ ಬರೆದು ಮುಂದೆ ನಾಲ್ಕು ಅಂಕಿ ಇರುತ್ತೆ. ಆ ನಾಲ್ಕು ಅಂಕಿಲೇ ಎಲ್ಲಾ ಐತೆ.

ಓದಿದ್ರೆ 1. ಉತ್ತರ ಕೊಟ್ಟಿದ್ರೆ 2. ನಕ್ಷತ್ರ ಹಾಕಿದ್ರೆ 4. ಡಿಲೀಟ್ ಮಾಡಿದ್ರೆ 8. ಇವನ್ನ ಕೂಡಿಸಿ ಬರೆದಿರುತ್ತೆ. 0001 ಅಂದ್ರೆ ಓದಿದ ಮೇಲ್, ಆರಾಮಾಗೈತೆ. 0009 ಅಂದ್ರೆ 1 ಮತ್ತೆ 8, ಓದಿ ಡಿಲೀಟ್ ಮಾಡಿದ್ದು. 0008 ಓದದೇ ಡಿಲೀಟ್ ಮಾಡಿದ್ದು. 000ಬಿ ಅಂತ ಕಂಡ್ರೆ ಹೆದರಬೇಡ್ರಿ, ಈ ಲೆಕ್ಕದಲ್ಲಿ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಅಂದ್ರೆ 1, 2, 8 ಕೂಡಿಸಿದ್ದು, ಓದಿ ಉತ್ತರನೂ ಕೊಟ್ಟು ಆಮೇಲೆ ಡಿಲೀಟ್ ಮಾಡಿದ್ದು. ನಿಮಗೆ ಬೇಕಾದ ಮೇಲ್ ತಲೆಲಿ ಇರೋ 0009 ಅಳಿಸಿ 0001 ಅಂತ ಬರೀರಿ. ನಾಲ್ಕು ಅಂಕಿ ನಾಲ್ಕೇ ಇರ್ಬೇಕು, ಒಂದು ಹೆಚ್ಚೂ ಬೇಡ ಕಡಿಮೆನೂ ಬೇಡ. ಕೆಳಗಿನ ಸಾಲಲ್ಲಿ ಸ್ಟೇಟಸ್2 ಅಂತ ಇನ್ನೊಂದು ಇರುತ್ತೆ, ಅದರ ಸುದ್ದಿಗೆ ಹೋಗಬೇಡ್ರಿ. ಡಿಲೀಟ್ ಆದ ಎಲ್ಲವೂ ಬೇಕು ಅಂದ್ರೆ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಆ ಇಡೀ ಸಾಲನ್ನೇ ಕೊಡ್ರಿ, ಬರೀ 0009 ಅಂತ ಕೊಟ್ರೆ ಯಾರದೋ ಅಕೌಂಟ್ ನಂಬರ್ ಒಳಗಿನ 0009 ಕೂಡ ಬದಲಾಗಿಬಿಡುತ್ತೆ, ಇದು ಬಹಳ ಮುಖ್ಯ.

ಸೇವ್ ಮಾಡಿ, ಆ ಫೈಲ್‌ನ ಪ್ರೊಫೈಲ್ ಒಳಗೆ ಮೇಲ್, ಲೋಕಲ್ ಫೋಲ್ಡರ್ಸ್ ಅನ್ನೋ ಜಾಗಕ್ಕೆ ಹಾಕಿ ಥಂಡರ್‌ಬರ್ಡ್ ತೆಗೀರಿ. ನೀವು ಇಟ್ಟ ಹೆಸರಿನ ಹೊಸ ಫೋಲ್ಡರ್ ಎಡಗಡೆ ಬಂದಿರುತ್ತೆ, ಒಳಗೆ ಸತ್ತ ಮೇಲ್ ಎದ್ದು ಕೂತಿರ್ತವೆ. ಬೇಕಾದ್ದನ್ನ ಮೂಲ ಇನ್‌ಬಾಕ್ಸ್‌ಗೆ ಎಳೆದು ಹಾಕಿ ಈ ಫೋಲ್ಡರ್ ತೆಗೆದುಬಿಡ್ರಿ. ಮೂಲ ಫೈಲ್‌ಗೆ ಕೈ ಹಚ್ಚಲೇ ಇಲ್ಲ ನೋಡ್ರಿ, ಅದಕ್ಕೇ ಈ ದಾರಿ.

ಅಷ್ಟು ದೊಡ್ಡ ಫೈಲ್‌ನಲ್ಲಿ ಬೇಕಾದ ಮೇಲ್ ಹುಡುಕೋದು ಹೆಂಗೆ? ಕಳಿಸಿದೋರ ಮೇಲ್ ವಿಳಾಸ ಕೊಟ್ಟು ಹುಡುಕ್ರಿ, ಅದು ಸಾಮಾನ್ಯವಾಗಿ ಸಾದಾ ಅಕ್ಷರದಲ್ಲೇ ಇರುತ್ತೆ. ಕನ್ನಡ ಸಬ್ಜೆಕ್ಟ್ ಟೈಪ್ ಮಾಡಿ ಹುಡುಕಿದ್ರೆ ಸಿಗಲ್ಲ. ಇದು ನನಗೆ ಬಹಳ ದಿನ ತಲೆ ತಿಂದ ವಿಷಯ, ಮೇಷ್ಟ್ರ ಮಗಳ ಮೇಲ್ ಎಲ್ಲಾ ಕನ್ನಡದಲ್ಲೇ ಇದ್ವು, ಫೈಲ್‌ನಲ್ಲಿ ಒಂದು ಕನ್ನಡ ಅಕ್ಷರನೂ ಕಾಣಲ್ಲ. ಕಾರಣ ಏನಂದ್ರೆ ಮೇಲ್ ತಲೆಬರಹದಲ್ಲಿ ಇಂಗ್ಲಿಷ್ ಅಲ್ಲದ ಲಿಪಿನ ಸಾಮಾನ್ಯವಾಗಿ ಬೇಸ್64 ಅನ್ನೋ ಸಂಕೇತಕ್ಕೆ ತಿರುಗಿಸಿ ಕಳಿಸ್ತಾರೆ, ಸಬ್ಜೆಕ್ಟ್ ಸಾಲಲ್ಲಿ ಯುಟಿಎಫ್-8, ಬಿ ಅಂತ ಬಂದು ಮುಂದೆ ಅರ್ಥ ಇಲ್ಲದ ಅಕ್ಷರದ ಮುದ್ದೆ ಇರುತ್ತೆ. ಕನ್ನಡದ ಒಂದೊಂದು ಮೂಲ ಅಕ್ಷರ, ಒಂದೊಂದು ಗುಣಿತದ ಗುರುತು ಯುಟಿಎಫ್-8 ಅನ್ನೋ ಪದ್ಧತಿಲಿ 3 ಬೈಟ್, ಬೇಸ್64ನಲ್ಲಿ ಪ್ರತಿ 3 ಬೈಟ್‌ಗೆ 4 ಅಕ್ಷರ, ಹಂಗಾಗಿ ಲೆಕ್ಕ ಸರಿಯಾಗಿ ಕೂರುತ್ತೆ. ಕನ್ನಡದಲ್ಲಿ ಶುರುವಾಗೋ ಸಬ್ಜೆಕ್ಟ್ ಆದ್ರೆ ಆ ಮುದ್ದೆ ಯಾವಾಗ್ಲೂ ಅಂಕಿ ನಾಲ್ಕು, ದೊಡ್ಡ ಎಲ್, ದೊಡ್ಡ ಕೆ ಅಂತಲೇ ಶುರುವಾಗುತ್ತೆ. ದಾವಣಗೆರೆಯ "ದ" ಬರೆದ್ರೆ ಅದು ನಾಲ್ಕು, ಎಲ್, ಕೆ, ಸಣ್ಣ ಎಂ. ಮೊದಲಿನ ಮೂರು ಗುರುತು ಕೊಟ್ಟು ಹುಡುಕಿದ್ರೆ ಇಡೀ ಫೈಲ್‌ನಲ್ಲಿ ಕನ್ನಡ ಮೇಲ್ ಎಲ್ಲೆಲ್ಲಿ ಅದಾವೆ ಅಂತ ಸಿಗ್ತಾ ಹೋಗುತ್ತೆ. ಇದನ್ನ ಕಂಡ ದಿನ ನಾನು ರಾತ್ರಿ ಹನ್ನೊಂದಕ್ಕೆ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದೆ.

ಐಮ್ಯಾಪ್ ಇದ್ರೆ

ಐಮ್ಯಾಪ್‌ನಲ್ಲಿ ಅಸಲಿ ಮೇಲ್ ಇರೋದು ಸರ್ವರ್‌ನಲ್ಲಿ, ನಿಮ್ಮ ಕಂಪ್ಯೂಟರ್‌ದು ನೆರಳು. ಹಂಗಾಗಿ ಮೊದಲು ಬ್ರೌಸರ್‌ನಲ್ಲಿ ಲಾಗಿನ್ ಆಗಿ ನೋಡ್ರಿ. ಜಿಮೇಲ್ ಆದ್ರೆ ಹುಡುಕೋ ಜಾಗದಲ್ಲಿ ಇನ್, ಕೋಲನ್, ಎನಿವೇರ್ ಅಂತ ಇಂಗ್ಲಿಷ್‌ನಲ್ಲಿ ಬರೆದು ಹೆಸರು ಹಾಕಿದ್ರೆ ಸ್ಪ್ಯಾಮ್ ಮತ್ತೆ ಟ್ರಾಶ್ ಕೂಡ ಸೇರಿಸಿ ಹುಡುಕುತ್ತೆ. ಟ್ರಾಶ್‌ನಲ್ಲಿ 30 ದಿನ ಇರುತ್ತೆ, ಸ್ಪ್ಯಾಮ್‌ನಲ್ಲೂ 30 ದಿನ, ಅದಕ್ಕೇ ತಡ ಮಾಡಬಾರದು. ಆರ್ಕೈವ್ ಒತ್ತಿದ್ರೆ ಡಿಲೀಟ್ ಆಗಲ್ಲ, ಆಲ್ ಮೇಲ್ ಒಳಗೆ ಇರುತ್ತೆ. ಸರ್ವರ್‌ನಲ್ಲಿ ಇದ್ದು ಥಂಡರ್‌ಬರ್ಡ್‌ನಲ್ಲಿ ಫೋಲ್ಡರ್ ಕಾಣ್ತಿಲ್ಲ ಅಂದ್ರೆ ಅಕೌಂಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸಬ್‌ಸ್ಕ್ರೈಬ್‌ನಲ್ಲಿ ಟಿಕ್ ಹಾಕ್ರಿ.

ಸರ್ವರ್‌ನಲ್ಲೂ ಇಲ್ಲ ಅಂದ್ರೆ ಕೂಡ್ಲೇ ಇಂಟರ್‌ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಐಮ್ಯಾಪ್‌ಮೇಲ್ ಫೋಲ್ಡರ್ ಕಾಪಿ ಮಾಡ್ರಿ. ಮೇಲ್ ಈ ಕಂಪ್ಯೂಟರ್‌ನಲ್ಲಿ ಇಟ್ಕೋ ಅನ್ನೋ ಸೆಟ್ಟಿಂಗ್ ಆನ್ ಇದ್ದಿದ್ರೆ ಆ ನೆರಳಿನ ಫೈಲ್ ಕೂಡ ಎಂಬಾಕ್ಸೇ, ಅಳಿಸಿದ ಮೇಲ್ ಅದರಲ್ಲಿ ಇನ್ನೂ ಉಳಿದಿರಬಹುದು. ಅದನ್ನ ಲೋಕಲ್ ಫೋಲ್ಡರ್ಸ್‌ಗೆ ಹಾಕಿ ತೆಗೀಬೇಕು, ಐಮ್ಯಾಪ್ ಜಾಗದಲ್ಲೇ ತೆಗೆದ್ರೆ ಸರ್ವರ್ ನೋಡಿ ಮತ್ತೆ ಅಳಿಸುತ್ತೆ.

ಪಾಪ್ ಇಟ್ಕೊಂಡೋರಿಗೆ ಒಂದು ಮಾತು, ಅಂಗಡಿ ಕಂಪ್ಯೂಟರ್‌ಗೂ ಮನೆ ಲ್ಯಾಪ್‌ಟಾಪ್‌ಗೂ ಒಂದೇ ಪಾಪ್ ಅಕೌಂಟ್ ಇದ್ರೆ ಯಾವುದು ಮೊದಲು ತಗೊಂಡ್ತೋ ಅದರಲ್ಲಿ ಮಾತ್ರ ಮೇಲ್ ಇರಬಹುದು. ಸರ್ವರ್ ಸೆಟ್ಟಿಂಗ್ಸ್‌ನಲ್ಲಿ "ಲೀವ್ ಮೆಸೇಜಸ್ ಆನ್ ಸರ್ವರ್" ಟಿಕ್ ನೋಡ್ರಿ, ಅದರ ಕೆಳಗೇ ಇಷ್ಟು ದಿನ ಮಾತ್ರ ಅನ್ನೋದೂ ಇರುತ್ತೆ, ಅದು ಇದ್ರೆ ಆ ದಿನ ಆದ ಮೇಲೆ ಸರ್ವರ್‌ನಿಂದ ಹೋಗುತ್ತೆ.

ಫೈಲೇ ಇಲ್ಲ ಅಂದ್ರೆ

ಮೊದಲ ಅನುಮಾನ ಆಂಟಿವೈರಸ್ ಮೇಲೆ. ಒಂದು ಮೇಲ್ ಒಳಗೆ ವೈರಸ್ ಬಂದ್ರೆ ಅದು ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಕ್ವಾರಂಟೈನ್‌ಗೆ ಹಾಕಿಬಿಡಬಹುದು, ಯಾಕಂದ್ರೆ ಅದಕ್ಕೆ ಎಲ್ಲಾ ಮೇಲ್ ಸೇರಿ ಒಂದೇ ಫೈಲ್. ಕ್ವಾರಂಟೈನ್ ಪಟ್ಟಿ ನೋಡ್ರಿ, ಅಲ್ಲಿದ್ರೆ ರಿಸ್ಟೋರ್ ಮಾಡಿ ಆ ಕೆಟ್ಟ ಮೇಲ್ ಅಳಿಸ್ರಿ. ಮುಂದೆ ಹಂಗಾಗದಿರೋಕೆ ಥಂಡರ್‌ಬರ್ಡ್ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ ಒಳಗೆ ಆಂಟಿವೈರಸ್ ಅನ್ನೋ ಕಡೆ ಬಂದ ಮೇಲ್ ಒಂದೊಂದನ್ನೇ ಕ್ವಾರಂಟೈನ್ ಮಾಡೋಕೆ ಬಿಡು ಅನ್ನೋ ಟಿಕ್ ಐತೆ, ಹಾಕ್ರಿ.

ಅಲ್ಲೂ ಇಲ್ಲ, ರೀಸೈಕಲ್ ಬಿನ್‌ನಲ್ಲೂ ಇಲ್ಲ ಅಂದ್ರೆ ಆ ಕಂಪ್ಯೂಟರ್ ಬಳಸೋದು ನಿಲ್ಲಿಸ್ರಿ, ಬರೀ ಥಂಡರ್‌ಬರ್ಡ್ ಅಲ್ಲ, ಕಂಪ್ಯೂಟರ್‌ನೇ. ಅಳಿಸಿದ ಫೈಲ್ ಜಾಗದ ಮೇಲೆ ಹೊಸದು ಬರೆಯೋ ತನಕ ಹಳೇದು ಉಳಿದಿರುತ್ತೆ. ಅಳಿಸಿದ ಫೈಲ್ ಹುಡುಕಿ ತೆಗೆಯೋ ಪ್ರೋಗ್ರಾಂ ಅದಾವೆ, ಫೋಟೋರೆಕ್ ಪುಕ್ಕಟೆ ಸಿಗುತ್ತೆ, ರಿಕುವಾದ ಪುಕ್ಕಟೆ ಆವೃತ್ತಿನೂ ಐತೆ, ಅವನ್ನ ಅದೇ ಡಿಸ್ಕ್‌ಗೆ ಇಳಿಸ್ಕೊಳ್ಳದೆ ಪೆನ್‌ಡ್ರೈವ್‌ನಿಂದ ನಡೆಸಿ, ಸಿಕ್ಕಿದ್ದನ್ನ ಬೇರೆ ಡಿಸ್ಕ್‌ಗೇ ಹಾಕ್ರಿ. ಎಸ್‌ಎಸ್‌ಡಿ (ಚಿಪ್ ಇರೋ ಹೊಸ ಮಾದರಿ ಡಿಸ್ಕ್) ಆದ್ರೆ ಆಸೆ ಕಡಿಮೆ, ಅದರಲ್ಲಿ ಟ್ರಿಮ್ ಅನ್ನೋದು ಅಳಿಸಿದ ಜಾಗನ ಬೇಗ ಸ್ವಚ್ಛ ಮಾಡಿಬಿಡುತ್ತೆ. ಇದು ಗೊತ್ತಿದ್ದೇ ಒಂದು ರಿಪೇರಿ ಅಂಗಡಿಯೋರು ಎಸ್‌ಎಸ್‌ಡಿಯಿಂದ ಖಂಡಿತ ತೆಗೆದುಕೊಡ್ತೀವಿ ಅಂತ ನಮ್ಮ ಪರಿಚಯದೋರ ಹತ್ರ ಮುಂಗಡ ತಗೊಂಡ್ರು, ಏನೂ ಬರಲಿಲ್ಲ. ಖಂಡಿತ ಅಂದೋರಿಗೆ ಮುಂಗಡ ಕೊಡಬೇಡ್ರಿ.

ಔಟ್‌ಲುಕ್ ಇರೋರಿಗೆ

ಹಳೆ ಮಾದರಿ ಔಟ್‌ಲುಕ್‌ನಲ್ಲಿ ಎಲ್ಲಾ ಫೋಲ್ಡರ್ ಸೇರಿ ಒಂದೇ ಪಿಎಸ್‌ಟಿ ಫೈಲ್. 2002ರ ಔಟ್‌ಲುಕ್ ತನಕ ಅದಕ್ಕೆ 2 ಜಿಬಿ ಮಿತಿ, 2003ರಿಂದ 20 ಜಿಬಿ, 2010ರಿಂದ 50 ಜಿಬಿ. ಮಿತಿ ಹತ್ರ ಬಂದ್ರೆ ಕೆಡೋದು ಶುರು. ಔಟ್‌ಲುಕ್ ಮುಚ್ಚಿ, ಪಿಎಸ್‌ಟಿ ಕಾಪಿ ಮಾಡಿ, ಆಫೀಸ್ ಜೊತೆನೇ ಬರೋ ಸ್ಕ್ಯಾನ್‌ಪಿಎಸ್‌ಟಿ ಅನ್ನೋ ಪ್ರೋಗ್ರಾಂ ನಡೆಸ್ರಿ, ಒಂದ್ಸಲಕ್ಕೆ ಮುಗಿಯಲ್ಲ, ತಪ್ಪು ಇಲ್ಲ ಅನ್ನೋ ತನಕ ಮತ್ತೆ ಮತ್ತೆ ನಡೆಸಬೇಕು. ಜಾಗ ತಪ್ಪಿದ ಮೇಲ್ ಲಾಸ್ಟ್ ಅಂಡ್ ಫೌಂಡ್ ಅನ್ನೋ ಫೋಲ್ಡರ್‌ನಲ್ಲಿ ಸಿಗ್ತವೆ. ಒಎಸ್‌ಟಿ ಇದ್ರೆ ಅದು ಸರ್ವರ್‌ನ ನಕಲು, ಮೇಲ್ ಸರ್ವರ್‌ನಲ್ಲಿ ಐತೆ ಅಂತ ನೋಡ್ಕೊಂಡು ಹೊಸದಾಗಿ ಇಳಿಸ್ಕೋಬಹುದು.

ಮೇಲ್ ಉಳಿಸ್ಕೊಳ್ಳೋ ಅಭ್ಯಾಸ

ಇನ್‌ಬಾಕ್ಸ್‌ನಲ್ಲಿ ಸಂಸಾರ ಹೂಡಬೇಡ್ರಿ. ಅದು ದಿನಾ ಬರೆಯೋ ಫೈಲ್, ದಿನಾ ಬರೆಯೋದೇ ಮೊದಲು ಕೆಡೋದು. ನಾನು ಲೆಕ್ಕದ ವರ್ಷಕ್ಕೊಂದು ಫೋಲ್ಡರ್ ಮಾಡ್ಕೊಂಡೀನಿ, 2022-23, 2023-24, 2024-25 ಹಿಂಗೆ, ಏಪ್ರಿಲ್ ಮೊದಲ ವಾರ ಹಳೆ ವರ್ಷದ್ದೆಲ್ಲಾ ಅದಕ್ಕೆ ಸರಿಸ್ತೀನಿ. ಆ ಹಳೆ ಫೈಲ್‌ಗಳನ್ನ ಮತ್ತೆ ಯಾರೂ ಮುಟ್ಟಲ್ಲ, ಹಂಗಾಗಿ ಕೆಡೋ ಭಯ ಕಡಿಮೆ, ಮತ್ತೆ ತೆರಿಗೆಯೋರು ಕೇಳಿದ್ರೆ ಒಂದು ವರ್ಷದ ಫೋಲ್ಡರ್ ತೆಗೆದು ತೋರಿಸಿದ್ರೆ ಸಾಕು. ಸಾವಿರಾರು ಮೇಲ್ ಒಂದೇ ಏಟಿಗೆ ಎಳೀಬೇಡ್ರಿ, ಐನೂರು ಐನೂರು ಸರಿಸ್ರಿ, ಹೋಯ್ತಾ ಅಂತ ನೋಡ್ರಿ, ಮುಂದಿನದು.

ಕಾಂಪ್ಯಾಕ್ಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದು ಮಾಡ್ಲೇಬೇಕು, ಇಲ್ಲಾಂದ್ರೆ ಗೆರೆ ಹೊಡೆದ ಸಾಲೇ ತುಂಬಿ ಫೈಲ್ ಉಬ್ಬುತ್ತೆ. ಆದ್ರೆ ಮೊದಲು ಬ್ಯಾಕಪ್, ಆಮೇಲೆ ಕಾಂಪ್ಯಾಕ್ಟ್. ಇನ್‌ಬಾಕ್ಸ್ 3 ಜಿಬಿ ಇದ್ರೆ ಡಿಸ್ಕ್‌ನಲ್ಲಿ ಕಡಿಮೆ ಅಂದ್ರೂ ಅಷ್ಟು ಜಾಗ ಖಾಲಿ ಇರಬೇಕು, ಹೊಸ ಪುಸ್ತಕ ಬರೆಯೋಕೆ. ಮತ್ತೆ ಯುಪಿಎಸ್ ಬ್ಯಾಟರಿ ಚೆಕ್ ಮಾಡ್ರಿ, ಗೋಡೆ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ನಿಲ್ಲುತ್ತಾ ನೋಡ್ರಿ. ಬೇಸಿಗೆಲಿ ನಮ್ಮ ಕಡೆ ಕರೆಂಟ್ ಹೇಳದೆ ಕೇಳದೆ ಹೋಗುತ್ತೆ, ಅಂಥ ಹೊತ್ತಲ್ಲಿ ಕಾಂಪ್ಯಾಕ್ಟ್ ಬೇಡ, ಲ್ಯಾಪ್‌ಟಾಪ್ ಆದ್ರೆ ಬ್ಯಾಟರಿ ತುಂಬಿರಲಿ.

ಬ್ಯಾಕಪ್ ನಾನು ಶನಿವಾರ ಸಂಜೆ ಕಟ್ಟು ಕಟ್ಟಿ ಆದ ಮೇಲೆ ಮಾಡ್ತೀನಿ. ಥಂಡರ್‌ಬರ್ಡ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ ಓಡ್ತಿಲ್ಲ ಅಂತ ನೋಡಿ, ರೋಮಿಂಗ್ ಒಳಗಿನ ಥಂಡರ್‌ಬರ್ಡ್ ಫೋಲ್ಡರ್ ಇಡೀದಾಗಿ ಹಾರ್ಡ್‌ಡಿಸ್ಕ್‌ಗೆ. ತಾರೀಖು ಹೆಸರಲ್ಲೇ ಬರೀರಿ. ಹಳೆ ಕಾಪಿ ಮೇಲೆ ಹೊಸದು ಬರೀಬೇಡ್ರಿ, ಕೆಟ್ಟಿದ್ದೇ ಕಾಪಿ ಆಗಿ ಒಳ್ಳೇದು ಹೋಗಬಹುದು, ಕಡಿಮೆ ಅಂದ್ರೂ ಮೂರು ವಾರದ್ದು ಇಟ್ಕೊಳ್ರಿ. ಡಿಸ್ಕ್ ಎರಡು ಇರ್ಲಿ, ಒಂದು ಅಂಗಡಿಲಿ ಒಂದು ಮನೇಲಿ. ಪ್ರೊಫೈಲ್ ಫೋಲ್ಡರ್ ಅನ್ನ ಸೀದಾ ಕ್ಲೌಡ್ ಸಿಂಕ್ ಫೋಲ್ಡರ್ ಒಳಗೆ ಇಡಬೇಡ್ರಿ, ಮೇಲ್ ಬರೆಯೋ ಹೊತ್ತಲ್ಲೇ ಸಿಂಕ್ ಕೂಡ ಅದೇ ಫೈಲ್ ಹಿಡಿದ್ರೆ ಎರಡೂ ಕೆಡ್ತವೆ.

ಹುಡುಕಾಟ ಸರಿ ಬರ್ತಿಲ್ಲ, ಇರೋ ಮೇಲ್ ಕೂಡ ಸಿಗ್ತಿಲ್ಲ ಅಂದ್ರೆ ಥಂಡರ್‌ಬರ್ಡ್ ಮುಚ್ಚಿ ಪ್ರೊಫೈಲ್‌ನಲ್ಲಿ ಗ್ಲೋಬಲ್-ಮೆಸೇಜಸ್-ಡಿಬಿ ಅನ್ನೋ ಎಸ್‌ಕ್ಯೂಲೈಟ್ ಫೈಲ್ ತೆಗೆದುಹಾಕ್ರಿ, ಅದು ಮೇಲ್ ಅಲ್ಲ, ಹುಡುಕಾಟದ ಸೂಚಿ, ತಾನಾಗೇ ಹೊಸದಾಗಿ ಬರ್ಕೊಳ್ಳುತ್ತೆ.

ಮತ್ತೆ ಬ್ಯಾಕಪ್ ತೆಗೆದು ನೋಡದೇ ನಂಬಬೇಡ್ರಿ. ಆರು ತಿಂಗಳಿಗೊಮ್ಮೆ ಮೇಷ್ಟ್ರ ಲ್ಯಾಪ್‌ಟಾಪ್ ಬ್ಯಾಕಪ್ ತಂದು ನಮ್ಮನೆ ಕಂಪ್ಯೂಟರ್‌ನಲ್ಲಿ ಅವರ ಎದುರಿಗೇ ತೆಗೀತೀನಿ, ಇನ್‌ಬಾಕ್ಸ್ ಫೈಲ್ ಒಂದನ್ನ ಲೋಕಲ್ ಫೋಲ್ಡರ್ಸ್‌ಗೆ ಬೇರೆ ಹೆಸರಲ್ಲಿ ಹಾಕಿ ತೆಗೆದ್ರೆ ಸಾಕು. ಅವರು ಮಗಳ ಫೋಲ್ಡರ್‌ನಲ್ಲಿ ಮೊದಲನೇದು ಒಂದು, ನಡುವಿನದು ಒಂದು, ಕೊನೇದು ಒಂದು ತೆಗೆದು ಓದ್ತಾರೆ, ಫೋಟೋ ಇದ್ರೆ ಅಟ್ಯಾಚ್‌ಮೆಂಟ್ ಕೂಡ ತೆರೆದು ನೋಡ್ತಾರೆ. ಮೂರೂ ತೆರೆದ್ರೆ "ಸರಿ ಐತಪ್ಪಾ" ಅಂತಾರೆ, ನಾನು ಅದನ್ನೆಲ್ಲಾ ನಮ್ಮನೆ ಕಂಪ್ಯೂಟರ್‌ನಿಂದ ಅಳಿಸಿ ಡಿಸ್ಕ್ ಅವರ ಕೈಗೆ ಕೊಡ್ತೀನಿ.